ಆಕಾಶಕ್ಕೆ ಅಪ್ಪಣೆಯಿದೆ, ನೆಲಕ್ಕಿಲ್ಲ



ಬಹಳ ದಿನಗಳಿಂದ ಇಲ್ಲಿ ಏನನ್ನೂ ಬರೆದಿರಲಿಲ್ಲ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಒಂದು ನೆಪ. ಸೋಮಾರಿತನ ನಿಜವಾದ ಕಾರಣ. ಈ ಸಲ ಹಳೆಯ ನೆನಪುಗಳ ಬುತ್ತಿಯನ್ನು ಬಿಚ್ಚೋಣವೆಂದು ಕುಳಿತವನು ಜಗಳವೊಂದನ್ನೇ ಬಿಚ್ಚುತ್ತಿದ್ದೇನೆ. ನಿವೃತ್ತ ಮೇಷ್ಟರಿಗೆ ಈ ವಯಸ್ಸಿನಲ್ಲಿ ಜಗಳವೇಕೆ ಎಂದು ನಿಮ್ಮಲ್ಲಿ ಕೆಲವರು ಕೇಳುವಿರಿ. ನನ್ನ ಮನೆಯವರೂ ಅದನ್ನೇ ಕೇಳುತ್ತಿದ್ದಾರೆ.

ಕಳೆದ ತಿಂಗಳು ನಮ್ಮ ಬಡಾವಣೆಯ ನಿವಾಸಿಗಳ ಸಂಘದ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಒಂದು ಬೇಡಿಕೆಯನ್ನು ಮುಂದಿಟ್ಟೆ. ಬಡಾವಣೆಯ ಪಶ್ಚಿಮದ ಅಂಚಿನಲ್ಲಿ ನಾಗರಿಕ ಸೌಲಭ್ಯಕ್ಕೆಂದು ಕಾದಿರಿಸಿದ ಮೂರು ಎಕರೆಯಷ್ಟು ಖಾಲಿ ಜಾಗವಿದೆ. ಅದರಾಚೆ ಮನೆಗಳಿಲ್ಲ, ಕೆರೆಯ ಹಿನ್ನೀರಿನ ಬಯಲು. ಭಾನುವಾರ ಬೆಳಗಿನ ಆರರಿಂದ ಎಂಟರವರೆಗೆ ಅಲ್ಲಿ ರೇಡಿಯೊ ನಿಯಂತ್ರಿತ ಮಾದರಿ ವಿಮಾನಗಳನ್ನು ಹಾರಿಸಲು ಮಕ್ಕಳಿಗೆ ಅವಕಾಶ ಮಾಡಿಕೊಡಬೇಕು, ಜವಾಬ್ದಾರಿಯನ್ನು ನಾನು ಹೊರುತ್ತೇನೆ ಎಂದೆ. ಸಭಿಕರಲ್ಲೊಬ್ಬರು ನಕ್ಕು, "ಮೇಷ್ಟ್ರೇ, ಅದೆಲ್ಲ ಸಿರಿವಂತರ ಹುಡುಗಾಟ. ನಿಮ್ಮಂಥವರು ಅದಕ್ಕೆ ವಕಾಲತ್ತು ವಹಿಸಬಾರದು" ಎಂದರು. ವಿಷಯ ಎರಡು ನಿಮಿಷಗಳಲ್ಲಿ ಬಿದ್ದುಹೋಯಿತು. ಆಮೇಲೆ ಕಾರು ನಿಲ್ಲಿಸುವ ಜಾಗದ ಬಗ್ಗೆ ನಲವತ್ತು ನಿಮಿಷ ಚರ್ಚೆ ನಡೆಯಿತು. ಆ ಮಹನೀಯರಿಗೆ ಅಲ್ಲಿ ಕೊಡಲಾಗದ ಉತ್ತರವನ್ನು ಇಲ್ಲಿ ಕೊಡುತ್ತಿದ್ದೇನೆ. ಅವರು ಇದನ್ನು ಓದುವುದಿಲ್ಲವೆಂದು ಬಲ್ಲೆ. ಆದರೆ ನೀವು ಓದುತ್ತೀರಲ್ಲ.

ಮೊದಲು ಸಿರಿವಂತಿಕೆಯ ಮಾತು. ನನ್ನ ಮೊಮ್ಮಗ, ಒಂಬತ್ತನೆಯ ತರಗತಿಯವನು, ಐದು ತಿಂಗಳು ಕುಳಿತು ಒಂದು ವಿಮಾನವನ್ನು ಕಟ್ಟಿದ. ಅಂಗಡಿಯಿಂದ ಸಿದ್ಧವಾಗಿ ತಂದದ್ದಲ್ಲ. ಫೋಮ್ ಹಾಳೆಯನ್ನು ಬ್ಲೇಡಿನಿಂದ ಕತ್ತರಿಸಿ, ಬಿದಿರಿನ ಕಡ್ಡಿಗಳನ್ನು ಒಳಗಿಟ್ಟು, ಬಿಸಿ ಅಂಟಿನಿಂದ ಅಂಟಿಸಿ, ರೆಕ್ಕೆಯ ತುದಿಯಿಂದ ತುದಿಗೆ ನಾಲ್ಕಡಿ ಬರುವಂತೆ ಮಾಡಿದ್ದ. ಮೋಟಾರು, ಬ್ಯಾಟರಿ, ನಾಲ್ಕು ಪುಟ್ಟ ಸರ್ವೊಗಳು, ಕೈಯಲ್ಲಿ ಹಿಡಿಯುವ ನಿಯಂತ್ರಕ, ಎಲ್ಲ ಸೇರಿ ನಮಗೆ ತಗಲಿದ್ದು ಹತ್ತು ಸಾವಿರದ ಆಸುಪಾಸು. ಸಭೆಯಲ್ಲಿ ನಕ್ಕವರ ಕೈಯಲ್ಲಿದ್ದ ಮೊಬೈಲಿನ ಬೆಲೆ ಅದರ ಹಲವು ಪಟ್ಟು ಇದ್ದೀತು. ಲಕ್ಷಾಂತರ ರೂಪಾಯಿಯ ಜೆಟ್ ಮಾದರಿಗಳನ್ನು ಹಾರಿಸುವವರೂ ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಹಣವಿದ್ದವನಿಗೆ ಜಾಗ ಹೇಗೋ ಸಿಕ್ಕುತ್ತದೆ. ಅವನಿಗೆ ಪರಿಚಿತರ ತೋಟವಿರುತ್ತದೆ, ಹೋಗಿಬರಲು ವಾಹನವಿರುತ್ತದೆ. ಜಾಗವಿಲ್ಲದಾಗುವುದು ಫೋಮ್ ಹಾಳೆಯ ಹುಡುಗನಿಗೆ. ಆದ್ದರಿಂದ ಬಯಲನ್ನು ಕೇಳುವುದು ಸಿರಿವಂತರ ಪರವಾದ ವಕಾಲತ್ತು ಹೇಗಾಯಿತೋ ನನಗೆ ತಿಳಿಯದು.

ವಿಮಾನ ಸಿದ್ಧವಾದ ದಿನ ಅವನು ರೆಕ್ಕೆಗಳ ಅಡಿಯಲ್ಲಿ ಎರಡು ಬೆರಳುಗಳನ್ನಿಟ್ಟು ಅದನ್ನು ತೂಗಿ ನೋಡುತ್ತಿದ್ದ. ಗುರುತ್ವಕೇಂದ್ರವು ರೆಕ್ಕೆಯ ಅಗಲದಲ್ಲಿ ಮುಂಚೂಣಿಯಿಂದ ಕಾಲು ಭಾಗಕ್ಕೂ ಮೂರನೆಯ ಒಂದು ಭಾಗಕ್ಕೂ ನಡುವೆ ಬರಬೇಕು. ಹಿಂದಕ್ಕೆ ಸರಿದರೆ ವಿಮಾನ ಮೂಗೆತ್ತಿ, ವೇಗ ಕಳೆದುಕೊಂಡು ಬೀಳುತ್ತದೆ. ಮೂತಿಗೆ ಒಂದು ಹಳೆಯ ಬೀಗದ ಕೈಯನ್ನು ಅಂಟಿಸಿ ತೂಕವನ್ನು ಸರಿಪಡಿಸಿದ. ಗುರುತ್ವಕೇಂದ್ರದ ವ್ಯಾಖ್ಯೆಯನ್ನು ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಬರೆದವನು ನಾನು. ನಿಮ್ಮಲ್ಲಿ ಎಷ್ಟು ಜನರಿಗೆ ಅದು ಅರ್ಥವಾಯಿತು ಎಂಬ ಸಂಶಯ ಅಂದು ಮೊದಲ ಬಾರಿಗೆ ನನ್ನನ್ನು ಕಾಡಿತು.

ಇನ್ನು ಹಾರಿಸುವುದೊಂದೇ ಬಾಕಿ ಎಂದುಕೊಂಡೆವು. ಆಗ ಶುರುವಾಯಿತು ನಮ್ಮ ಅಲೆದಾಟ.

ಮೊದಲು ಹೋದದ್ದು ಸಮೀಪದ ದೊಡ್ಡ ಉದ್ಯಾನಕ್ಕೆ. ಕಾವಲುಗಾರ ತಡೆದು, "ಸಾರ್, ಇಲ್ಲಿ ಡ್ರೋನ್ ಬಿಡಂಗಿಲ್ಲ" ಎಂದ. "ಇದು ಡ್ರೋನ್ ಅಲ್ಲಪ್ಪ, ವಿಮಾನ" ಎಂದು ನಾನು ವಿವರಿಸಿದೆ. "ವಿಮಾನ ಆದ್ರೆ ಏರ್‌ಪೋರ್ಟಿಗೆ ಹೋಗಿ ಸಾರ್" ಎಂದ. ಅವನ ತರ್ಕದಲ್ಲಿ ದೋಷವಿರಲಿಲ್ಲ. ಜನ ಓಡಾಡುವ ಉದ್ಯಾನದಲ್ಲಿ ಹಾರಿಸಬಾರದು ಎಂಬುದೂ ಸರಿಯೇ. ಅಲ್ಲಿಗೆ ಹೋದದ್ದು ನಮ್ಮದೇ ತಪ್ಪು. ಆಮೇಲೆ ಒಂದು ಸಾರ್ವಜನಿಕ ಆಟದ ಮೈದಾನ. ಅಲ್ಲಿ ಏಕಕಾಲಕ್ಕೆ ಏಳು ಕ್ರಿಕೆಟ್ ಪಂದ್ಯಗಳು ನಡೆಯುತ್ತಿದ್ದವು. ಅದರ ಉಸ್ತುವಾರಿಯವರು ದಿನದ ಬಾಡಿಗೆಯ ಪಟ್ಟಿಯನ್ನು ತೋರಿಸಿದರು. ಪಟ್ಟಿಯಲ್ಲಿ ಮದುವೆಯ ಆರತಕ್ಷತೆ ಇತ್ತು, ವಸ್ತುಪ್ರದರ್ಶನ ಇತ್ತು, ವಿಮಾನ ಇರಲಿಲ್ಲ. ಒಂದು ಖಾಸಗಿ ಶಾಲೆಯ ಮುಖ್ಯಸ್ಥರು ಬಹಳ ಮರ್ಯಾದೆಯಿಂದ ಕಾಫಿ ತರಿಸಿಕೊಟ್ಟು, ಮೈದಾನಕ್ಕೆ ಕೃತಕ ಹುಲ್ಲು ಹಾಸಿ ತರಬೇತಿ ಸಂಸ್ಥೆಯೊಂದಕ್ಕೆ ಗುತ್ತಿಗೆ ಕೊಟ್ಟಿರುವ ವಿಷಯವನ್ನು ತಿಳಿಸಿದರು. ಪೊಲೀಸ್ ಠಾಣೆಯಲ್ಲಿ ಮೇಲಿನ ಕಚೇರಿಗೆ ಹೋಗಿ ಎಂದರು. ಮೇಲಿನ ಕಚೇರಿಯಲ್ಲಿ, ಜಾಗದ ಮಾಲೀಕರ ಒಪ್ಪಿಗೆಪತ್ರ ತನ್ನಿ ಎಂದರು. ಜಾಗವೇ ಇಲ್ಲದ್ದರಿಂದ ಮಾಲೀಕರೂ ಇರಲಿಲ್ಲ. ಒಬ್ಬರೂ 'ಕೂಡದು' ಎನ್ನಲಿಲ್ಲ ಎಂಬುದನ್ನು ಗಮನಿಸಿ. ಎಲ್ಲರೂ ಇನ್ನೊಂದು ಬಾಗಿಲನ್ನು ತೋರಿಸಿದರು.

ಮೊಮ್ಮಗ ಬಾಯಿಬಿಟ್ಟು ಏನೂ ಹೇಳಲಿಲ್ಲ. ವಿಮಾನವನ್ನು ಅಟ್ಟದ ಮೇಲಿಟ್ಟು ಅದಕ್ಕೊಂದು ಹಳೆಯ ಪಂಚೆಯನ್ನು ಹೊದಿಸಿದ. ಒಂದು ವಾರದ ನಂತರ ಸಂಜೆಯ ಹೊತ್ತು ಅವನು ಮೊಬೈಲಿನಲ್ಲಿ ಯಾವುದೋ ವಿಮಾನದಾಟ ಆಡುತ್ತಿದ್ದುದನ್ನು ಕಂಡೆ. ನಮ್ಮ ಬಂಧುಗಳೊಬ್ಬರು, "ಅದೇ ವಾಸಿ ಬಿಡಿ, ಮನೆಯೊಳಗೇ ಇರುತ್ತಾನೆ" ಎಂದರು. ಇದೇ ಬಂಧುಗಳು ಕಳೆದ ದೀಪಾವಳಿಯಲ್ಲಿ, ಈಗಿನ ಮಕ್ಕಳು ಮೊಬೈಲಿನಿಂದ ತಲೆಯೆತ್ತುವುದಿಲ್ಲವೆಂದು ನನಗೆ ಅರ್ಧ ಗಂಟೆ ಉಪನ್ಯಾಸ ಕೊಟ್ಟಿದ್ದರು. (ಅವರೂ ಇದನ್ನು ಓದುತ್ತಾರೆ. ಓದಲಿ.)

ಕಾನೂನು ಏನು ಹೇಳುತ್ತದೆ ಎಂದು ನೋಡೋಣವೆಂದು 2021 ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಡ್ರೋನ್ ನಿಯಮಗಳನ್ನು ತರಿಸಿ ಓದಿದೆ. ಓದಿದ ಮೇಲೆ ನನಗಾದ ಆಶ್ಚರ್ಯ ಅಷ್ಟಿಷ್ಟಲ್ಲ. ನಾವೆಲ್ಲ ದೂಷಿಸುವ ದೆಹಲಿಯ ಕಾನೂನು ಇಲ್ಲಿ ಅಡ್ಡಗಾಲು ಹಾಕಿಯೇ ಇಲ್ಲ! ಓದಿಗಾಗಿ, ಸಂಶೋಧನೆಗಾಗಿ ಅಥವಾ ವಿನೋದಕ್ಕಾಗಿ ಮಾತ್ರ ಬಳಸುವ, ಕಣ್ಣಳತೆಯೊಳಗೇ ಹಾರಿಸುವ, 25 ಕಿಲೋಗ್ರಾಂ ಮೀರದ ಮಾದರಿಗಳನ್ನು ಆ ನಿಯಮಗಳು ಪ್ರತ್ಯೇಕವಾಗಿ ಗುರುತಿಸಿ, ವಿನ್ಯಾಸದ ಪ್ರಮಾಣಪತ್ರದಿಂದ ಅವಕ್ಕೆ ವಿನಾಯಿತಿ ನೀಡಿವೆ. ದೇಶದ ಆಕಾಶವನ್ನು ಹಸಿರು, ಹಳದಿ, ಕೆಂಪು ಎಂದು ವಿಂಗಡಿಸಿವೆ. ಹಸಿರು ವಲಯದಲ್ಲಿ 400 ಅಡಿಗಳ ಎತ್ತರದವರೆಗೆ ಹಾರಿಸಲು ಯಾರ ಅನುಮತಿಯೂ ಬೇಕಿಲ್ಲ. ವಿಮಾನ ನಿಲ್ದಾಣದ ಎಲ್ಲೆಯಿಂದ 8 ರಿಂದ 12 ಕಿಲೋಮೀಟರುಗಳ ನಡುವಿನ ಪ್ರದೇಶದಲ್ಲಿ ಈ ಮಿತಿ 200 ಅಡಿ. ಹಳದಿ ವಲಯಕ್ಕೆ ವಾಯುಸಂಚಾರ ನಿಯಂತ್ರಕರ ಅನುಮತಿ ಬೇಕು; ಕೆಂಪಿಗೆ ಕೇಂದ್ರ ಸರ್ಕಾರದ್ದು. ದೇವನಹಳ್ಳಿ, ಯಲಹಂಕ, ಜಕ್ಕೂರು, ಎಚ್.ಎ.ಎಲ್. ನಿಲ್ದಾಣಗಳ ಸುತ್ತ ಈ ಅಳತೆಯ ವೃತ್ತಗಳನ್ನು ಎಳೆದರೆ ಬೆಂಗಳೂರಿನ ಉತ್ತರ ಮತ್ತು ಪೂರ್ವ ಭಾಗಗಳು ಬಹುಮಟ್ಟಿಗೆ ಮುಚ್ಚಿಹೋಗುತ್ತವೆ, ಅದು ನ್ಯಾಯವೇ. ಮೈಸೂರು ರಸ್ತೆಯ ಕಡೆಯ ನಮ್ಮ ಬಡಾವಣೆಯ ತಲೆಯ ಮೇಲಿರುವುದು ಹಸಿರು. ನೋಂದಣಿಯ ಕಾಗದಪತ್ರಗಳನ್ನು ನನ್ನ ಮಗ ನೋಡಿಕೊಂಡ. ಹಾಗಾಗಿ 400 ಅಡಿಯವರೆಗಿನ ಆಕಾಶ ನನ್ನ ಮೊಮ್ಮಗನದು. ಅವನು ನಿಂತುಕೊಳ್ಳಬೇಕಾದ ಎರಡಡಿ ನೆಲ ಅವನದಲ್ಲ.

ಈಗ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ನಿಮ್ಮಲ್ಲಿ ಹಲವರು ಅಲ್ಲಿದ್ದವರೇ. ತಿಪಟೂರು ತಾಲ್ಲೂಕಿನ ನಮ್ಮ ಪ್ರೌಢಶಾಲೆಯ ಹಿಂದಿನ ಕೆರೆ ಮಾರ್ಚ್ ತಿಂಗಳಿಗೆ ಬತ್ತುತ್ತಿತ್ತು. ಏಪ್ರಿಲ್ ಹೊತ್ತಿಗೆ ಅದರ ಅಂಗಳವು ಒಡೆದ ಹಪ್ಪಳದಂತೆ ಬಿರುಕು ಬಿಟ್ಟು, ಹಸುಗಳ ಕಾಲ್ತುಳಿತಕ್ಕೆ ನಯವಾಗಿ, ತೂಬಿನಿಂದ ಕೋಡಿಯವರೆಗೆ ಒಂದೇ ಬಯಲಾಗುತ್ತಿತ್ತು. ವಿಜ್ಞಾನ ಸಂಘದ ಹುಡುಗರು ಹಾಲವಾಣದ ಹಗುರ ಮರವನ್ನು ಕೆತ್ತಿ, ಬಿದಿರ ಸೀಳಿಗೆ ಪತಂಗದ ಕಾಗದ ಅಂಟಿಸಿ, ಸೈಕಲ್ ಟ್ಯೂಬಿನ ಪಟ್ಟಿಗಳನ್ನು ಹುರಿಮಾಡಿ ತಿರುಗುವ ರೆಕ್ಕೆಗೆ ಕಟ್ಟಿ ಹಾರಿಸುತ್ತಿದ್ದುದು ಅಲ್ಲಿಯೇ. ನಾವು ಯಾರನ್ನೂ ಕೇಳಿರಲಿಲ್ಲ. ಕೇಳಬೇಕೆಂಬ ಕಲ್ಪನೆಯೇ ಇರಲಿಲ್ಲ. ದನ ಕಾಯುವವರು ತಮ್ಮ ಹಸುಗಳನ್ನು ಕೊಂಚ ಆಚೆಗೆ ಹೊಡೆದುಕೊಂಡು ಹೋಗಿ, ತಾವೂ ನಿಂತು ನೋಡುತ್ತಿದ್ದರು.

1994 ರ ಬೇಸಿಗೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಮೊದಲ ರೇಡಿಯೊ ವಿಮಾನವನ್ನು ಊರಿಗೆ ತಂದ. (ಹೆಸರು ಬರೆದರೆ ಅವನು ಮುನಿಸಿಕೊಳ್ಳುತ್ತಾನೆ, ಅವನ ತಂಡದವರಿಗೆ ಗೊತ್ತು.) ಆಗಿನ ಎಂಜಿನ್ನುಗಳಿಗೆ ಮೆಥನಾಲಿಗೆ ಹರಳೆಣ್ಣೆ ಬೆರೆಸಿದ ಇಂಧನ. ಅದು ಸಿಡಿದು ಹೊತ್ತಿಕೊಂಡಾಗ ಕೆರೆಯ ತುಂಬ ಸುಟ್ಟ ಹರಳೆಣ್ಣೆಯ ವಾಸನೆ ಹರಡಿತು. ಶನಿವಾರದ ಎಣ್ಣೆಸ್ನಾನ ನೆನಪಾಗಿ ನಾನು ನಕ್ಕೆ. ಸಂಜೆಯ ಹೊತ್ತಿಗೆ ಅರ್ಧ ಊರೇ ಏರಿಯ ಮೇಲೆ ಕುಳಿತಿತ್ತು. ಅಂದು ಏರಿಯ ಮೇಲೆ ಕುಳಿತಿದ್ದವರಲ್ಲಿ ಇಬ್ಬರು ಮುಂದೆ ವೈಮಾಂತರಿಕ್ಷ ವಿಭಾಗಗಳಲ್ಲಿ ಕೆಲಸಕ್ಕೆ ಸೇರಿದರು. ಅದು ಈ ವಿಮಾನದಿಂದಲೇ ಆಯಿತೆಂದು ಹೇಳುವಷ್ಟು ಮೂರ್ಖ ನಾನಲ್ಲ. ಆದರೆ ಅವರೇ ಹಾಗೆ ಹೇಳುತ್ತಾರೆ.

ಅಪಾಯವಿಲ್ಲವೇ ಎಂದು ಕೇಳುವವರಿಗೆ ನನ್ನದೇ ಎರಡು ಕಥೆಗಳನ್ನು ಹೇಳಬೇಕು. ಮುಚ್ಚಿಟ್ಟರೆ ಈ ವಾದಕ್ಕೆ ಬೆಲೆಯಿಲ್ಲ. ಆ ವಿಮಾನದ ಎಂಜಿನ್ನನ್ನು ಬೆರಳಿನಿಂದ ತಿರುಗಿಸಿ ಹೊತ್ತಿಸಲು ಹೋಗಿ ನನ್ನ ಬಲಗೈಯ ತೋರುಬೆರಳಿಗೆ ನಾಲ್ಕು ಹೊಲಿಗೆ ಬಿದ್ದವು. ಶಾಲೆ ತೆರೆದ ಮೇಲೆ ಎರಡು ವಾರ ನಾನು ಎಡಗೈಯಲ್ಲಿ ಬರೆದ ಅಕ್ಷರಗಳನ್ನು ನೋಡಿ ಹಿಂದಿನ ಬೆಂಚಿನಲ್ಲಿ ನಕ್ಕವರು ಯಾರು ಯಾರೆಂದು ನನಗೆ ಇನ್ನೂ ನೆನಪಿದೆ. ಎರಡನೆಯದು ಇನ್ನೂ ಗಂಭೀರ. 1996 ರಲ್ಲಿ ಒಂದು ವಿಮಾನ ರೇಡಿಯೊ ಸಂಕೇತವನ್ನು ಕಳೆದುಕೊಂಡು, ಕೆರೆಯನ್ನು ದಾಟಿ, ತೆಂಗಿನ ತೋಟದೊಳಕ್ಕೆ ನುಗ್ಗಿ, ಕಾಯಿ ಸುಲಿಯುತ್ತಿದ್ದ ವೃದ್ಧರೊಬ್ಬರಿಂದ ಹದಿನೈದು ಅಡಿ ದೂರದಲ್ಲಿ ನೆಲಕ್ಕೆ ಅಪ್ಪಳಿಸಿತು. ಅವರು ಏನೂ ಅನ್ನಲಿಲ್ಲ, ನೀರು ಕೊಟ್ಟು ಕೂರಿಸಿದರು. ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಮರುದಿನದಿಂದ ತೋಟದ ಕಡೆಗೆ ಬೆನ್ನು ಹಾಕಿ ನಿಂತು ಕೋಡಿಯ ಕಡೆಗೆ ಮಾತ್ರ ಹಾರಿಸಬೇಕೆಂದು ನಿಯಮ ಮಾಡಿದೆವು. ಅಂದಿನ ಸೆಟ್ಟುಗಳಲ್ಲಿ ಒಂದೇ ಆವರ್ತನದ ಎರಡು ನಿಯಂತ್ರಕಗಳನ್ನು ಒಟ್ಟಿಗೆ ಚಾಲೂ ಮಾಡಿದರೆ ವಿಮಾನ ಬಿದ್ದಂತೆಯೇ. ಇಂದಿನ 2.4 ಗಿಗಾಹರ್ಟ್ಸ್ ಸೆಟ್ಟುಗಳಲ್ಲಿ ಆ ಭಯ ಬಹುಮಟ್ಟಿಗೆ ನೀಗಿದೆ. ಸಂಕೇತ ತಪ್ಪಿದೊಡನೆ ಮೋಟಾರು ತಾನಾಗಿ ನಿಲ್ಲುವಂತೆಯೂ ಮಾಡಬಹುದು. ಹಾಗಿದ್ದರೂ ಒಂದು ಕಿಲೋಗ್ರಾಂ ತೂಕದ ವಸ್ತು ವೇಗವಾಗಿ ಬಂದು ತಲೆಗೆ ಬಡಿದರೆ ಏನಾಗುತ್ತದೆಂದು ವಿಜ್ಞಾನದ ಮೇಷ್ಟರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅಪಾಯವಿರುವುದರಿಂದಲೇ ಪ್ರತ್ಯೇಕವಾದ ಬಯಲು ಬೇಕು ಎನ್ನುತ್ತಿದ್ದೇನೆ. ಈಜು ಅಪಾಯಕಾರಿಯೆಂದು ಈಜುಕೊಳವನ್ನು ಮುಚ್ಚಿದ ಊರಿನಲ್ಲಿ ಹುಡುಗರು ಕಲ್ಲುಕ್ವಾರಿಯ ಹೊಂಡಕ್ಕೆ ಇಳಿಯುತ್ತಾರೆ. ಜಾಗ ಸಿಕ್ಕದ ಹುಡುಗ ಮಹಡಿಯ ಮೇಲಿನಿಂದ ಹಾರಿಸುತ್ತಾನೆ, ಹೆದ್ದಾರಿಯ ಪಕ್ಕದಲ್ಲಿ ಹಾರಿಸುತ್ತಾನೆ. ಇನ್ನೊಬ್ಬರ ಮನೆಯ ಕಿಟಕಿಯೆದುರು ಕ್ಯಾಮೆರಾ ಕಟ್ಟಿದ ಡ್ರೋನುಗಳನ್ನು ತೂಗಾಡಿಸುವ ಪುಂಡರ ಬಗ್ಗೆ ನನಗೂ ಸಿಟ್ಟಿದೆ, ಅವರಿಗೆ ದಂಡ ಹಾಕಲಿ. ಅವರನ್ನೂ ಬೀಗದ ಕೈ ಅಂಟಿಸಿ ತೂಕ ಸರಿಪಡಿಸುವ ಹುಡುಗನನ್ನೂ ಒಂದೇ ಹಗ್ಗದಲ್ಲಿ ಕಟ್ಟುವುದು ಸೋಮಾರಿಗಳ ಆಡಳಿತ.

ರೈಟ್ ಸಹೋದರರ ಪಾಠವನ್ನು ನಿಮಗೆಲ್ಲ ಮಾಡಿದ್ದೇನೆ. 1903 ರ ಡಿಸೆಂಬರ್ 17 ರಂದು ಕಿಟ್ಟಿ ಹಾಕ್ ಬಳಿಯ ಮರಳುದಿಬ್ಬಗಳಲ್ಲಿ ಅವರ ವಿಮಾನ ಹಾರಿತು ಎಂಬಲ್ಲಿಗೆ ಪಠ್ಯಪುಸ್ತಕ ಮುಗಿಯುತ್ತಿತ್ತು, ನಾನೂ ಮುಗಿಸುತ್ತಿದ್ದೆ. ಮುಂದಿನದನ್ನು ನಿವೃತ್ತನಾದ ಮೇಲೆ ಓದಿದೆ. ಅಂದಿನ ಅತಿ ದೀರ್ಘ ಹಾರಾಟ 59 ಸೆಕೆಂಡುಗಳದು. ಅಷ್ಟನ್ನೇ ಕಟ್ಟಿಕೊಂಡು ವಿಮಾನವಿದ್ಯೆ ಸಿದ್ಧಿಸುವಂತಿರಲಿಲ್ಲ. ತಿರುಗುವುದನ್ನು, ಹೊರಟಲ್ಲಿಗೇ ಮರಳುವುದನ್ನು ಕಲಿಯಬೇಕಿತ್ತು. ಅದಕ್ಕೆ ತಮ್ಮ ಊರಾದ ಡೇಟನ್ನಿನ ಹತ್ತಿರವೇ ಒಂದು ಬಯಲು ಬೇಕಾಯಿತು. ಟೊರೆನ್ಸ್ ಹಫ್‌ಮನ್ ಎಂಬ ಬ್ಯಾಂಕಿನ ಯಜಮಾನನೊಬ್ಬನಿಗೆ ಅಲ್ಲಿ ಎಂಬತ್ತು ಚಿಲ್ಲರೆ ಎಕರೆಗಳ ಹುಲ್ಲುಗಾವಲಿತ್ತು. ಆತ ಅದನ್ನು ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟ. ವಿಧಿಸಿದ ಷರತ್ತು, ಹಾರಿಸುವ ಮುನ್ನ ದನಕರುಗಳನ್ನೂ ಕುದುರೆಗಳನ್ನೂ ಬೇಲಿಯಾಚೆಗೆ ಹೊಡೆದು ಬಿಡಬೇಕು ಎಂಬುದು. 1904 ಮತ್ತು 1905 ರಲ್ಲಿ ಆ ಹುಲ್ಲುಗಾವಲಿನ ಮೇಲೆಯೇ ಅವರು ವಿಮಾನವನ್ನು ತಿರುಗಿಸಲು ಕಲಿತರು. 1905 ರ ಅಕ್ಟೋಬರ್ ಹೊತ್ತಿಗೆ ಅರ್ಧ ಗಂಟೆಗೂ ಮೀರಿ ಅದರ ಸುತ್ತ ಹಾರುತ್ತಿದ್ದರು. ಇದನ್ನು ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ನಮ್ಮ ಕೆರೆಯಂಗಳದ ದನ ಕಾಯುವವರು.

ಡೇಟನ್ನಿನ ಮಾತೇಕೆ, ಬೆಂಗಳೂರಿನದೇ ಆಗಲಿ. 1940 ರಲ್ಲಿ ಮೈಸೂರು ಸಂಸ್ಥಾನದ ನೆರವಿನಿಂದ ಇಲ್ಲಿ ವಿಮಾನ ಕಾರ್ಖಾನೆ ಹುಟ್ಟಿತು. ಘಾಟಗೆಯವರು ರೂಪಿಸಿದ ಎಚ್.ಟಿ.-2 ವಿಮಾನ 1951 ರಲ್ಲಿ ಈ ನಗರದ ಮೇಲೆ ಹಾರಿತು. 1961 ರಲ್ಲಿ ಮಾರುತ್, 2001 ರಲ್ಲಿ ತೇಜಸ್. 1996 ರಿಂದ ಯಲಹಂಕದಲ್ಲಿ ವೈಮಾನಿಕ ಪ್ರದರ್ಶನ. ಇಷ್ಟು ಬಿರುದುಗಳನ್ನು ಹೊತ್ತ ನಗರ ಹದಿನಾಲ್ಕರ ಹುಡುಗನೊಬ್ಬನಿಗೆ ಏರ್‌ಪೋರ್ಟಿಗೆ ಹೋಗು ಎನ್ನುತ್ತದೆ.

ಜಾಗವೇ ಇಲ್ಲವಲ್ಲ ಸ್ವಾಮಿ ಎನ್ನುವವರಿಗೆ ಜಾಗ ಏನಾಯಿತೆಂದು ನೆನಪಿಸಬೇಕು. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಚಲ್ಲಘಟ್ಟದ ಕೆರೆ ಗಾಲ್ಫ್ ಅಂಗಳವಾಯಿತು. ಗಾಲ್ಫನ್ನು ಮುಚ್ಚಿ ಎಂದು ನಾನು ಹೇಳುತ್ತಿಲ್ಲ. ಒಂದು ಪುಟ್ಟ ಚೆಂಡಿಗೆ ಹತ್ತಾರು ಎಕರೆ ಹುಲ್ಲುಹಾಸನ್ನು ಒದಗಿಸಬಲ್ಲ ಊರಿಗೆ ಜಾಗವಿಲ್ಲವೆಂದು ಹೇಳುವ ಹಕ್ಕಿಲ್ಲ ಎನ್ನುತ್ತಿದ್ದೇನೆ. ಹಳ್ಳಿಗಳಲ್ಲಿ ಗೋಮಾಳವಿದೆ, 1964 ರ ಭೂಕಂದಾಯ ಕಾಯ್ದೆಯೇ ದನಗಳ ಮೇವಿಗೆಂದು ನೆಲವನ್ನು ತೆಗೆದಿರಿಸಲು ಹೇಳುತ್ತದೆ. ಊರೊಟ್ಟಿನ ನೆಲಗಳ ಒತ್ತುವರಿಯನ್ನು ತೆರವು ಮಾಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2011 ರ ಜನವರಿಯಲ್ಲಿ ಎಲ್ಲ ರಾಜ್ಯಗಳಿಗೂ ಆದೇಶಿಸಿತು. ಉದ್ಯಾನಗಳನ್ನೂ ಆಟದ ಬಯಲುಗಳನ್ನೂ ತೆರೆದ ಜಾಗಗಳನ್ನೂ ಕಾಪಾಡಲು ನಮ್ಮ ರಾಜ್ಯದಲ್ಲಿ 1985 ರ ಕಾಯ್ದೆಯಿದೆ. 2009 ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಶಾಲೆಗೆ ಆಟದ ಮೈದಾನವಿರಬೇಕೆಂದು ಬರೆದಿದೆ. ಕಾಗದದ ಮೇಲೆ ನಮಗೆ ಬಯಲುಗಳ ಬರವಿಲ್ಲ.

ನಮ್ಮ ಆ ಕೆರೆಯನ್ನು ಹೋದ ವರ್ಷ ನೋಡಿಬಂದೆ. ಒಂದು ಬದಿಯಲ್ಲಿ ಕಟ್ಟಡಗಳ ಭಗ್ನಾವಶೇಷವನ್ನು ತಂದು ಸುರಿದಿದ್ದಾರೆ. ಇನ್ನೊಂದು ಬದಿಯಲ್ಲಿ ಜಾಲಿ ಬೆಳೆದಿದೆ. ದನ ಕಾಯುವವರೂ ಕಾಣಲಿಲ್ಲ.

ಕೊನೆಗೆ ಮೊಮ್ಮಗನ ವಿಮಾನ ಹಾರಿತೇ ಎಂದು ಕೇಳುವಿರಿ. ಹಾರಿತು. ಮಾಗಡಿಯ ಕಡೆ, ಮನೆಯಿಂದ ನಲವತ್ತು ಕಿಲೋಮೀಟರ್ ದೂರದಲ್ಲಿ, ರಾಗಿ ಕುಯ್ದು ಮುಗಿದ ಒಂದು ಹೊಲದಲ್ಲಿ. ಹೊಲದ ಯಜಮಾನರು ನಮಗೆ ಅಪರಿಚಿತರು. ರಸ್ತೆಯ ಬದಿಯಲ್ಲಿ ಕಾರು ನಿಲ್ಲಿಸಿ, ಅಳುಕುತ್ತಲೇ ಕೇಳಿದೆವು. "ಹಾರಿಸ್ಕಳಿ ಬುಡಿ, ಕೂಳೆ ಹೊಲ, ಏನಾಗ್ಬೇಕು?" ಎಂದರು. ಗಾಳಿಗೆ ಎದುರಾಗಿ ನಾನೇ ಎಸೆದೆ. ಒಂದು ಗಳಿಗೆ ಎಡಕ್ಕೆ ವಾಲಿತು. ಹುಡುಗ ಹಲ್ಲು ಕಚ್ಚಿ ಸರಿಪಡಿಸಿದ. ಆಮೇಲೆ ಏಳು ನಿಮಿಷ ಅದು ನಮ್ಮ ತಲೆಯ ಮೇಲೆ ಸುತ್ತಿತು. ಯಜಮಾನರ ಮಗಳು, ಆರನೆಯ ತರಗತಿಯವಳು, ಬ್ಯಾಟರಿಯ ವೋಲ್ಟೇಜಿನಿಂದ ಹಿಡಿದು ಬೀಗದ ಕೈಯವರೆಗೆ ಎಲ್ಲದರ ಬಗ್ಗೆಯೂ ಪ್ರಶ್ನೆ ಕೇಳಿದಳು. ಮೂರನೆಯ ಭಾನುವಾರ ಅವಳ ಕೈಗೂ ನಿಯಂತ್ರಕ ಬಂತು. ಐದನೆಯ ಭಾನುವಾರ ಹೋದಾಗ ಹೊಲದ ತುಂಬ ಜೆ.ಸಿ.ಬಿ. ಓಡಾಡಿ, ನಿವೇಶನಗಳ ಗಡಿಕಲ್ಲುಗಳು ನಿಂತಿದ್ದವು. ಯಜಮಾನರ ಮೇಲೆ ನನಗೆ ದೂರಿಲ್ಲ. ರಾಗಿಯ ಬೆಲೆ ಎಷ್ಟು, ನಿವೇಶನದ ಬೆಲೆ ಎಷ್ಟು ಎಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ನಾನು ಕೇಳುವುದು ಸ್ಟೇಡಿಯಂ ಅಲ್ಲ, ಕಟ್ಟಡವಲ್ಲ, ಅನುದಾನವೂ ಅಲ್ಲ. ತಾಲ್ಲೂಕಿಗೊಂದು ಬಯಲು: ಮನೆಗಳಿಂದಲೂ ವಿದ್ಯುತ್ ತಂತಿಗಳಿಂದಲೂ ದೂರ, ನೂರು ಮೀಟರಿನಷ್ಟು ಸಮತಟ್ಟಾದ ಹುಲ್ಲು, ಅದರ ಮುಂದೆ ಖಾಲಿ ನೆಲ. ವಾರಕ್ಕೆ ಎರಡು ಗಂಟೆ ಸಾಕು. ಮಿಕ್ಕ ಹೊತ್ತು ದನ ಮೇಯಲಿ, ಕ್ರಿಕೆಟ್ ನಡೆಯಲಿ. ಒಬ್ಬ ಶಿಕ್ಷಕ, ಒಂದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಹಾರಿಸುವವರ ಹೆಸರು ಬರೆದಿಡಲು ಒಂದು ನೋಟು ಪುಸ್ತಕ. ಇಷ್ಟಕ್ಕೆ ಸರ್ಕಾರದ ಆದೇಶವೂ ಬೇಕಿಲ್ಲ, ಒಬ್ಬ ತಹಶೀಲ್ದಾರರೋ ಒಂದು ಗ್ರಾಮ ಪಂಚಾಯತಿಯೋ ಮನಸ್ಸು ಮಾಡಿದರಾಯಿತು. ನನ್ನ ವಿದ್ಯಾರ್ಥಿಗಳಲ್ಲಿ ಕಂದಾಯ ಇಲಾಖೆಯಲ್ಲಿರುವವರು ನಾಲ್ವರು, ಪಂಚಾಯತಿಗಳಲ್ಲಿರುವವರು ಇಬ್ಬರು, ಶಾಲೆಗಳ ಮುಖ್ಯೋಪಾಧ್ಯಾಯರಾಗಿರುವವರು ಲೆಕ್ಕವಿಲ್ಲದಷ್ಟು. ಗುರುದಕ್ಷಿಣೆಯನ್ನು ಇದುವರೆಗೆ ಕೇಳಿದವನಲ್ಲ. ಈಗ ಕೇಳುತ್ತಿದ್ದೇನೆ.

ಯಾರಲ್ಲಾದರೂ ಅಂಥ ಜಾಗವಿದ್ದರೆ ತಿಳಿಸಿ. ಸುಗ್ಗಿಯ ನಂತರದ ಹೊಲವಾದರೂ ಸರಿ, ಬತ್ತಿದ ಕೆರೆಯಾದರೂ ಸರಿ. ಬೆಳಗ್ಗೆ ಐದಕ್ಕೆ ಹೊರಟರೆ ಏಳಕ್ಕೆ ಬಂದು ಸೇರುತ್ತೇವೆ. ಬುತ್ತಿಯನ್ನು ನಾವೇ ಕಟ್ಟಿಕೊಂಡು ಬರುತ್ತೇವೆ. ಮಾಗಡಿಯ ಆ ಹುಡುಗಿಯನ್ನೂ ಕರೆದುಕೊಂಡು ಬರುವುದೆಂದು ಅವಳ ತಂದೆಯನ್ನು ಕೇಳಿಯಾಗಿದೆ. ಅವಳು ತನ್ನದೇ ವಿಮಾನವೊಂದಕ್ಕೆ ಫೋಮ್ ಹಾಳೆ ಕತ್ತರಿಸಲು ಶುರುಮಾಡಿದ್ದಾಳಂತೆ.